ಕ್ಯಾಂಪ್ ನೌ ಮಗ್ಗುಲಲ್ಲಿ 22 ಯುರೋಪ್ ಕಪ್

1992ರ ಮೇ 20ರ ರಾತ್ರಿ ಲಂಡನ್ನಿನ ವೆಂಬ್ಲಿಯಲ್ಲಿ ರೊನಾಲ್ಡ್ ಕೂಮನ್ ಹೊಡೆದ ಫ್ರೀ ಕಿಕ್ ಸಾಂಪ್‌ಡೋರಿಯಾದ ಬಲೆ ಸೇರಿತು. ಎಫ್‌ಸಿ ಬಾರ್ಸಿಲೋನಾದ ಫುಟ್‌ಬಾಲ್ ತಂಡಕ್ಕೆ ಅದು ಮೊಟ್ಟಮೊದಲ ಯುರೋಪಿಯನ್ ಕಪ್. ಕ್ಲಬ್ಬು ಹುಟ್ಟಿ ಆಗಲೇ 92 ವರ್ಷ ಕಳೆದಿತ್ತು. ಅದೇ ಹೊತ್ತಿನಲ್ಲಿ, ಆ ತಂಡದ ತವರು ಕ್ಯಾಂಪ್ ನೌ ಕ್ರೀಡಾಂಗಣದ ಮಗ್ಗುಲಲ್ಲೇ ಇರುವ ಒಂದು ಒಳಾಂಗಣದಲ್ಲಿ ಆಡುತ್ತಿದ್ದ, ಅದೇ ಕ್ಲಬ್ಬಿನ, ಅದೇ ನೀಲಿ-ಕೆಂಪು ಪಟ್ಟೆಯ ಅಂಗಿ ತೊಟ್ಟ ಇನ್ನೊಂದು ತಂಡದ ಬಳಿ ಹತ್ತು ಯುರೋಪಿಯನ್ ಕಪ್‌ಗಳಿದ್ದವು. ಕಾಲಿಗೆ ಚಕ್ರ, ಕೈಗೆ ಸ್ಟಿಕ್. ಅದು ರೋಲರ್ ಹಾಕಿ ತಂಡ. 2024ರವರೆಗಿನ ಲೆಕ್ಕ ಹಿಡಿದರೆ ಫುಟ್‌ಬಾಲ್ ತಂಡದ ಬಳಿ 5 ಕಪ್, ರೋಲರ್ ಹಾಕಿ ತಂಡದ ಬಳಿ 22.

ಇಪ್ಪತ್ತೆರಡು. ಫುಟ್‌ಬಾಲಿನಲ್ಲಿ ಯುರೋಪಿನ ದೊರೆ ಎನಿಸಿಕೊಂಡ ರಿಯಲ್ ಮ್ಯಾಡ್ರಿಡ್ ಗೆದ್ದಿರುವುದು 15. ಅದೂ 2024ರವರೆಗಿನ 69 ಆವೃತ್ತಿಗಳಲ್ಲಿ. ರೋಲರ್ ಹಾಕಿಯ ಯುರೋಪಿಯನ್ ಕಪ್ ಶುರುವಾದದ್ದೇ ಹತ್ತು ವರ್ಷ ತಡವಾಗಿ, 1966ರಲ್ಲಿ. 2020ರಲ್ಲಿ ಕೊರೊನಾದಿಂದಾಗಿ ಯಾರೂ ಗೆಲ್ಲಲಿಲ್ಲ. ಹಾಗಾಗಿ 2024ರವರೆಗೆ ನಡೆದದ್ದು 58 ಆವೃತ್ತಿ, ಅದರಲ್ಲಿ ಬಾರ್ಸಾ ಎಂದೇ ಕರೆಸಿಕೊಳ್ಳುವ ಬಾರ್ಸಿಲೋನಾದ ಪಾಲು 22. ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಮೊದಲ ಗೆಲುವಿನ 1973ರಿಂದ ಇಪ್ಪತ್ತೆರಡನೆಯ ಗೆಲುವಿನ 2018ರವರೆಗೆ ಮಾತ್ರ ಎಣಿಸಿದರೆ 46 ವರ್ಷಕ್ಕೆ 22. ಹೆಚ್ಚುಕಡಿಮೆ ವರ್ಷ ಬಿಟ್ಟು ವರ್ಷ, ಅರ್ಧ ಶತಮಾನದ ಕಾಲ.

ಈ ಅಂಕಿ ಎಷ್ಟು ತೂಕದ್ದು ಎಂದು ತಿಳಿಯಬೇಕಾದರೆ ಆಟದ ಅಳತೆಗಳನ್ನು ನೋಡಬೇಕು. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಒಟ್ಟು 800 ಚದರ ಮೀಟರ್. 105ಕ್ಕೆ 68 ಮೀಟರಿನ ಫುಟ್‌ಬಾಲ್ ಮೈದಾನದ ವಿಸ್ತೀರ್ಣ ಇಂಥ ಎಂಟು ಅಂಕಣಗಳ ವಿಸ್ತೀರ್ಣಕ್ಕಿಂತಲೂ ಹೆಚ್ಚು. ಸುತ್ತಲೂ ಒಂದು ಮೀಟರ್ ಎತ್ತರದ ಹಲಗೆಯ ಕಟ್ಟು. ಚೆಂಡು ಅದಕ್ಕೆ ಬಡಿದು ಮತ್ತೆ ಒಳಗೇ ಬರುವುದರಿಂದ ಆಟ ನಿಲ್ಲುವ ಪ್ರಸಂಗ ಕಡಿಮೆ. ಒಂದು ತಂಡಕ್ಕೆ ಐವರು: ನಾಲ್ವರು ಓಡುವವರು, ಒಬ್ಬ ಗೋಲ್‌ಕೀಪರ್. ಓಡುವವರು ಅಂದೆ, ತೇಲುವವರು ಎನ್ನುವುದೇ ಸರಿ. ತೊಡುವುದು ಒಂದರ ಹಿಂದೊಂದು ಚಕ್ರ ಜೋಡಿಸಿದ ಇನ್‌ಲೈನ್ ಸ್ಕೇಟ್ ಅಲ್ಲ, ಮುಂದೆರಡು ಹಿಂದೆರಡು ಚಕ್ರವಿರುವ ಕ್ವಾಡ್. ನಮ್ಮ ಊರುಗಳ ಸ್ಕೇಟಿಂಗ್ ರಿಂಕ್‌ಗಳಲ್ಲಿ ಮಕ್ಕಳು ಮೊದಲು ಕಾಲಿಗೆ ಕಟ್ಟಿಕೊಳ್ಳುವ ಅದೇ ಬಗೆ. ಹತ್ತು ಜನ ಅಂಕಣದಲ್ಲಿದ್ದಾಗ ನೆಲದ ಮೇಲೆ 80 ಚಕ್ರ ಉರುಳುತ್ತಿರುತ್ತವೆ. 25 ನಿಮಿಷದ ಎರಡು ಅವಧಿ. ಆಟ ನಿಂತರೆ ಗಡಿಯಾರವೂ ನಿಲ್ಲುತ್ತದೆ. ಅಂದರೆ 50 ನಿಮಿಷವೂ ಅಪ್ಪಟ ಆಟವೇ.

ಇನ್ನು ಗೋಲು. 170 ಸೆಂಟಿಮೀಟರ್ ಅಗಲ, 105 ಸೆಂಟಿಮೀಟರ್ ಎತ್ತರ. ಒಬ್ಬ ವಯಸ್ಕನ ಎದೆಮಟ್ಟವನ್ನೂ ಮುಟ್ಟದ ಚೌಕಟ್ಟು. ವಿಸ್ತೀರ್ಣ 1.785 ಚದರ ಮೀಟರ್. ಫುಟ್‌ಬಾಲ್ ಗೋಲಿನ ವಿಸ್ತೀರ್ಣ 17.86 ಚದರ ಮೀಟರ್. ಗುಣಿಸಿ ನೋಡಿ, ಸರಿಯಾಗಿ ಹತ್ತು ಪಟ್ಟು! ಅಷ್ಟು ಕಿರಿದಾದ ಬಾಯಿಯ ಮುಂದೆ ದಪ್ಪ ಪ್ಯಾಡು, ಕೈಗವಸು, ಮುಖಕವಚ ತೊಟ್ಟ ಆಳೊಬ್ಬ ಕುಕ್ಕರಗಾಲಲ್ಲಿ ಕೂತರೆ ಉಳಿಯುವ ಜಾಗ ಎಷ್ಟು? ಭುಜದ ಮೇಲೆ ಒಂದು ಗೇಣು, ಮೊಣಕೈ ಸಂದಿಯಲ್ಲಿ ಒಂದಿಷ್ಟು, ಪ್ಯಾಡಿನ ಪಕ್ಕದಲ್ಲಿ ಒಂದು ಸೀಳು. ಗೋಲು ಹೊಡೆಯುವವನ ಜೀವನವೆಲ್ಲ ಆ ಸೀಳುಗಳ ಹುಡುಕಾಟ.

ಚೆಂಡಿನ ವಿಷಯಕ್ಕೆ ಬಂದರೆ ಕ್ರಿಕೆಟ್ ಬಲ್ಲ ನಮಗೆ ಅದು ಕೈಗೆ ಸಿಕ್ಕಷ್ಟೇ ಸಲೀಸಾಗಿ ಅರ್ಥವಾಗುತ್ತದೆ. ಗಟ್ಟಿ ರಬ್ಬರಿನ ಚೆಂಡು, ತೂಕ 155 ಗ್ರಾಂ, ಸುತ್ತಳತೆ 23 ಸೆಂಟಿಮೀಟರ್. ಪುರುಷರ ಕ್ರಿಕೆಟ್ಟಿನ ನಿಯಮದ ಪ್ರಕಾರ ಇರಬಹುದಾದ ಅತಿ ಹಗುರ ಚೆಂಡಿಗಿಂತ ಒಂದು ಗ್ರಾಂನಷ್ಟು ಕಡಿಮೆ. ಸುತ್ತಳತೆಯಲ್ಲಿ ಅತಿ ದೊಡ್ಡ ಕ್ರಿಕೆಟ್ ಚೆಂಡಿಗಿಂತ ಒಂದು ಮಿಲಿಮೀಟರ್ ಹೆಚ್ಚು. ಒಳ್ಳೆಯ ಆಟಗಾರನ ಹೊಡೆತ ಗಂಟೆಗೆ 100 ಕಿಲೋಮೀಟರ್ ದಾಟುವುದು ಅಪರೂಪವೇನಲ್ಲ. ಪೆನಾಲ್ಟಿ ಗುರುತು ಗೋಲಿನಿಂದ 5.40 ಮೀಟರ್ ದೂರದಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡಿಗೆ ಆ ದೂರ ಕ್ರಮಿಸಲು ಸೆಕೆಂಡಿನ ಐದನೇ ಒಂದು ಭಾಗವೂ ಬೇಕಿಲ್ಲ, 0.194 ಸೆಕೆಂಡ್ ಸಾಕು. 140 ಕಿಲೋಮೀಟರ್ ವೇಗದ ಬೌಲರನ ಎದುರು ನಿಂತ ಬ್ಯಾಟರ್‌ಗೆ ಸುಮಾರು ಅರ್ಧ ಸೆಕೆಂಡ್ ಸಿಗುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನ ದೇಹಕ್ಕೆ ಬೇಕಾಗುವುದೇ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಚೆಂಡನ್ನು ನೋಡಿ ತಡೆಯುವೆನೆಂದು ಕೂತರೆ ಅಷ್ಟರಲ್ಲಿ ಅದು ಬಲೆಯಲ್ಲಿರುತ್ತದೆ. ಕೀಪರ್ ಓದುವುದು ಚೆಂಡನ್ನಲ್ಲ, ಎದುರಾಳಿಯ ಸೊಂಟವನ್ನು, ಭುಜದ ಓರೆಯನ್ನು, ಸ್ಟಿಕ್ಕು ಹಿಂದಕ್ಕೆ ಹೋದ ಕೋನವನ್ನು.

ಈ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಕ್ಷಣ ಪೆನಾಲ್ಟಿಯಲ್ಲ, ನೇರ ಫ್ರೀ ಹಿಟ್. ಒಂದು ತಂಡದ ಫೌಲುಗಳ ಲೆಕ್ಕ ಹತ್ತಕ್ಕೆ ಮುಟ್ಟಿದೊಡನೆ ಎದುರಾಳಿಗೆ ಅದು ಸಿಗುತ್ತದೆ. 7.40 ಮೀಟರ್ ದೂರದಲ್ಲಿ ಚೆಂಡು. ಉಳಿದವರೆಲ್ಲ ದೂರ. ಅಂಕಣದ ಆ ಅರ್ಧದಲ್ಲಿ ಇಬ್ಬರೇ. ಹೊಡೆಯುವವನು ಅಲ್ಲಿಂದಲೇ ಬಾರಿಸಬಹುದು, ಇಲ್ಲವೇ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಮುನ್ನುಗ್ಗಬಹುದು. ಸ್ಟಿಕ್ಕಿನ ಎರಡೂ ಮುಖದಿಂದ ಚೆಂಡು ಆಡಬಹುದಾದ್ದರಿಂದ ಎಡಕ್ಕೆ ಎಳೆದಂತೆ ಮಾಡಿ ಬಲಕ್ಕೆ ತಳ್ಳುವುದು ಒಂದೇ ಮಣಿಕಟ್ಟಿನ ಕೆಲಸ. ಕೀಪರ್ ಸ್ಕೇಟ್‌ನ ಮುಂತುದಿಯ ರಬ್ಬರ್ ಬ್ರೇಕನ್ನು ನೆಲಕ್ಕೆ ಊರಿ ಕಾಯುತ್ತಾನೆ. ಮೊದಲು ಅಲುಗಿದವನು ಸೋತಂತೆ. ಹೊಡೆಯುವವನು ಒಂದು ಸಲ ಭುಜ ಕುಣಿಸುತ್ತಾನೆ, ಕೀಪರನ ಮಂಡಿ ಒಂದು ಬೆರಳಿನಷ್ಟು ಎದ್ದರೆ ಸಾಕು, ಅದರಡಿ ಚೆಂಡು ನುಸುಳಿರುತ್ತದೆ. ಇಡೀ ವ್ಯವಹಾರ ಎರಡು ಮೂರು ಸೆಕೆಂಡಿನದು. ಎಷ್ಟೋ ಯುರೋಪಿಯನ್ ಕಪ್‌ಗಳ ಹಣೆಬರಹ ಇಂಥ ಎರಡು ಮೂರು ಸೆಕೆಂಡಿನಲ್ಲಿ ಬರೆಯಲ್ಪಟ್ಟಿದೆ.

ಇಷ್ಟು ಸಣ್ಣ ಅಂಕಣ, ಇಷ್ಟು ಸಣ್ಣ ಗೋಲು, ಐದೇ ಜನ. ಇಂಥ ಆಟದಲ್ಲಿ ಒಬ್ಬ ಕೀಪರನಿಗೆ ಒಳ್ಳೆಯ ದಿನ ಬಂದರೆ ಎಂಥ ಬಲಾಢ್ಯ ತಂಡವೂ ಮಣ್ಣು ಮುಕ್ಕಬಹುದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಾಲನ್ನು ಓದಬೇಕು: 1978, 1979, 1980, 1981, 1982, 1983, 1984, 1985. ಈ ಎಂಟೂ ವರ್ಷ ಯುರೋಪಿಯನ್ ಕಪ್ ಗೆದ್ದದ್ದು ಬಾರ್ಸಿಲೋನಾ. ಫುಟ್‌ಬಾಲಿನಲ್ಲಿ ಸತತ ಗೆಲುವಿನ ದಾಖಲೆ ರಿಯಲ್ ಮ್ಯಾಡ್ರಿಡ್‌ನ ಐದು, 1956ರಿಂದ 1960ರವರೆಗೆ. ಎಂಟು ಎಂದರೇನು ಎಂದು ಸ್ವಲ್ಪ ಲೆಕ್ಕ ಹಾಕೋಣ. ಒಂದು ತಂಡ ಪ್ರತಿ ವರ್ಷವೂ ಕಪ್ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು ಎಂದಿಟ್ಟುಕೊಂಡರೆ ಎಂಟು ವರ್ಷ ಸತತವಾಗಿ ಗೆಲ್ಲುವ ಸಾಧ್ಯತೆ 256ರಲ್ಲಿ ಒಂದು. ನೂರಕ್ಕೆ ಎಪ್ಪತ್ತು ಎಂದುಕೊಂಡರೂ 17ರಲ್ಲಿ ಒಂದು. ಉಳಿದ ಯುರೋಪೆಲ್ಲ ಸೇರಿದರೂ ತಡೆಯಲಾಗದಷ್ಟು, ನೂರಕ್ಕೆ ಎಂಬತ್ತರಷ್ಟು, ಬಲಶಾಲಿ ತಂಡ ಎಂದು ಒಪ್ಪಿಕೊಂಡರೂ ಆರರಲ್ಲಿ ಒಂದೇ ಸಾಧ್ಯತೆ. ಜೋಸೆಪ್ ಲೊರೆಂತೆ ತರಬೇತಿಯಲ್ಲಿ ಪಳಗಿದ ಆ ತಂಡ ಅದನ್ನು ಸಾಧಿಸಿತು. 1977ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಗೆದ್ದಾಗ ಹತ್ತು ವರ್ಷದವನಾಗಿದ್ದ ಬಾರ್ಸಿಲೋನಾದ ಹುಡುಗನೊಬ್ಬ ತನ್ನ ತಂಡ ಕಪ್ ಕಳೆದುಕೊಂಡದ್ದನ್ನು ಮತ್ತೆ ನೋಡಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1986ರಲ್ಲಿ, ಪೋರ್ಚುಗಲ್‌ನದೇ ಆದ ಪೋರ್ಟೊ ಗೆದ್ದಾಗ.

ಇದೆಲ್ಲ ನಡೆದದ್ದು ಪಲಾವ್ ಬ್ಲಾವ್‌ಗ್ರಾನಾ ಎಂಬ ಒಳಾಂಗಣವನ್ನು ತವರು ಮಾಡಿಕೊಂಡು. 1971ರ ಅಕ್ಟೋಬರ್ 23ರಂದು ಅದು ಬಾಗಿಲು ತೆರೆಯಿತು. ತಂಡ ಹುಟ್ಟಿದ್ದು 1942ರಲ್ಲಿ. ಸ್ವಂತ ಸೂರು ಸಿಗುವ ತನಕ ಯುರೋಪಿಯನ್ ಕಪ್ ಒಂದೂ ಇರಲಿಲ್ಲ, ಸೂರು ಸಿಕ್ಕ ಮೇಲಿನ ಹದಿನಾಲ್ಕು ವರ್ಷದೊಳಗೆ ಹತ್ತು ಬಂದವು. ಈಗ ಅಲ್ಲಿ 7,585 ಜನ ಕೂರಬಹುದು. ಪಕ್ಕದ ಕ್ಯಾಂಪ್ ನೌನಲ್ಲಿ, ಈಚಿನ ನವೀಕರಣಕ್ಕೆ ಮೊದಲು, 99,354 ಆಸನಗಳಿದ್ದವು. ಹದಿಮೂರು ಪಟ್ಟು. ಫುಟ್‌ಬಾಲಿನ ಆದಾಯವೇ ಇಲ್ಲಿನ ಹಾಕಿಯನ್ನೂ ಪೊರೆಯುತ್ತದೆ ಎಂಬುದು ನಿಜ. ಹಾಗೆಂದು ಆ ಹಣವೇ ಕಪ್‌ಗಳನ್ನು ತಂದಿತು ಎನ್ನುವವರಿಗೆ ನಾನು ವೊಲ್ತ್ರೆಗಾವನ್ನು ತೋರಿಸಬಯಸುತ್ತೇನೆ.

ಸಾಂತ್ ಇಪೋಲಿತ್ ದೆ ವೊಲ್ತ್ರೆಗಾ. ಬಾರ್ಸಿಲೋನಾದ ಉತ್ತರಕ್ಕೆ, ವಿಕ್ ಪಟ್ಟಣದ ಹತ್ತಿರ, ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಂದ ತುಂಬಿದ್ದ ತೇರ್ ನದಿಯ ಕಣಿವೆಯ ಊರು. ಜನಸಂಖ್ಯೆ ಸುಮಾರು 3,500. ನಮ್ಮಲ್ಲಿ ಅದನ್ನು ಪಟ್ಟಣ ಎಂದೂ ಕರೆಯುವುದಿಲ್ಲ. ಯುರೋಪಿಯನ್ ಕಪ್‌ನ ಮೊಟ್ಟಮೊದಲ ಆವೃತ್ತಿಯನ್ನು, 1966ರಲ್ಲಿ, ಗೆದ್ದದ್ದು ಈ ಊರಿನ ತಂಡ. 1975 ಮತ್ತು 1976ರಲ್ಲಿ ಮತ್ತೆ ಗೆದ್ದಿತು. ಬಾರ್ಸಾ ಎರಡು ಕಪ್ ಗೆದ್ದು ಬೀಗುತ್ತಿದ್ದ ಹೊತ್ತಿನಲ್ಲೇ ಅದರ ಕೈಯಿಂದ ಕಪ್ ಕಿತ್ತುಕೊಂಡು ಹೋದದ್ದು ಈ ಹಳ್ಳಿ. 1,200 ಜನರಿಗೊಂದು ಯುರೋಪಿಯನ್ ಕಪ್ ಎಂದಾಯಿತು. ಊರಿನ ಹೆಣ್ಣುಮಕ್ಕಳ ತಂಡ ಆಮೇಲೆ ಗೆದ್ದ ಯುರೋಪಿಯನ್ ಕಪ್‌ಗಳನ್ನು ಇದಕ್ಕೆ ಸೇರಿಸಿಯೇ ಇಲ್ಲ.

ರೆಯುಸ್ ಇನ್ನೊಂದು. ವಾಸ್ತುಶಿಲ್ಪಿ ಗೌಡಿ ಹುಟ್ಟಿದ ಊರೆಂದು ಹೆಸರಾದ ಅದು ಬಾರ್ಸಿಲೋನಾದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. 1967ರಿಂದ 1972ರವರೆಗೆ ಸತತ ಆರು ಕಪ್ ಗೆದ್ದಿತು, ಆಮೇಲೆ 2009 ಮತ್ತು 2017ರಲ್ಲಿ ಮತ್ತೆರಡು. ಬಾರ್ಸಾದ ಎಂಟರ ದಾಖಲೆಗೆ ಮುಂಚೆ ಇದ್ದ ದಾಖಲೆ ಈ ಆರು. ಸಾಂತ್ ಸದುರ್ನಿ ದನೋಯಾ, ಕಾವಾ ಎಂಬ ನೊರೆವೈನಿಗೆ ಹೆಸರಾದ, ಹನ್ನೆರಡು ಸಾವಿರ ಚಿಲ್ಲರೆ ಜನರ ಊರು. ಅಲ್ಲಿನ ನೋಯಾ ತಂಡ 1989ರಲ್ಲಿ ಗೆದ್ದಿತು. ಚರ್ಮ ಹದ ಮಾಡುವ ಕೆಲಸಕ್ಕೆ ಹೆಸರಾದ ಇಗುವಲಾದಾದಲ್ಲಿ ಸುಮಾರು 40,000 ಜನ. ಅದು ಗೆದ್ದ ಕಪ್‌ಗಳು ಆರು.

ಈ ನಾಲ್ಕು ಊರುಗಳ ಜನರನ್ನೆಲ್ಲ ಕೂಡಿಸಿದರೆ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ಬರಬಹುದು. ಕಪ್‌ಗಳನ್ನು ಕೂಡಿಸಿ: ಮೂರು, ಎಂಟು, ಒಂದು, ಆರು. ಹದಿನೆಂಟು! ಅದಕ್ಕೆ ಬಾರ್ಸಾದ 22 ಸೇರಿಸಿದರೆ 40. ಯುರೋಪಿನ 58 ಕಪ್‌ಗಳಲ್ಲಿ 40 ಕ್ಯಾಟಲೋನಿಯಾ ಎಂಬ ಒಂದೇ ಸೀಮೆಗೆ, ಬಾರ್ಸಿಲೋನಾ ಮತ್ತು ಅಲ್ಲಿಂದ ಹೊರಟರೆ ಬೆಳಗಿನ ತಿಂಡಿಯ ಹೊತ್ತಿಗೆ ತಲುಪಬಹುದಾದ ನಾಲ್ಕು ಊರುಗಳಿಗೆ ಸಂದಿವೆ. ಮೊದಲ 20 ಆವೃತ್ತಿಗಳನ್ನಷ್ಟೇ ತೆಗೆದುಕೊಂಡರೆ 19. ಆ ಒಂದೇ ಒಂದು ತಪ್ಪಿಸಿಕೊಂಡದ್ದು 1977ರಲ್ಲಿ, ಪೋರ್ಚುಗಲ್‌ನ ಮಹಾನ್ ಆಟಗಾರ ಆಂಟೋನಿಯೊ ಲಿವ್ರಮೆಂಟೊ ಆಡುತ್ತಿದ್ದ ಸ್ಪೋರ್ಟಿಂಗ್ ಕೈಗೆ.

ನಾನು ಬಾರ್ಸಾದ 22ನ್ನು ದೊಡ್ಡದೆನ್ನುವುದು ಈ ಕಾರಣಕ್ಕೆ. ಎದುರಾಳಿಗಳು ದೂರದ ದೇಶದವರಲ್ಲ, ಅಕ್ಕಪಕ್ಕದ ಊರಿನವರು. ಒಬ್ಬರ ಆಟ ಒಬ್ಬರಿಗೆ ಬಾಲ್ಯದಿಂದ ಗೊತ್ತು. ಒಬ್ಬ ಹುಡುಗ ಎಡಗಡೆಯಿಂದ ನುಗ್ಗುತ್ತಾನೆಂಬುದು ಅವನ ಹತ್ತನೆಯ ವಯಸ್ಸಿನಲ್ಲೇ ಎದುರಾಳಿಗೆ ತಿಳಿದಿರುತ್ತದೆ. ಗುಟ್ಟು ಎಂಬುದೇ ಇಲ್ಲದ ಕಡೆ ಗೆಲ್ಲುತ್ತಲೇ ಇರುವುದು ಬಹಳ ಕಷ್ಟ. ಇನ್ನೊಂದು ಮಾತನ್ನೂ ಹೇಳಬೇಕು. ಈ ಕಪ್ಪನ್ನು ಇದುವರೆಗೆ ಗೆದ್ದಿರುವುದು ಮೂರೇ ದೇಶದ ಕ್ಲಬ್‌ಗಳು: 2024ರವರೆಗೆ ಸ್ಪೇನ್ 46, ಪೋರ್ಚುಗಲ್ 10, ಇಟಲಿ 2. ಜಗತ್ತಿನ ಭೂಪಟದಲ್ಲಿ ಈ ಆಟದ ಜಾಗ ಚಿಕ್ಕದು, ನಿಜ. ಆದರೆ ಆ ಚಿಕ್ಕ ಜಾಗದಲ್ಲಿ ಪೈಪೋಟಿ ಎಷ್ಟು ದಟ್ಟವಾಗಿದೆಯೆಂದರೆ 3,500 ಜನರ ಊರು ಯುರೋಪನ್ನೇ ಗೆಲ್ಲುವ ತಂಡ ಕಟ್ಟುತ್ತದೆ. ಫುಟ್‌ಬಾಲಿನಲ್ಲಿ ಹಾಗಾಗುವುದನ್ನು ಊಹಿಸಲೂ ಆಗದು.

ಈ ಆಟ ಕ್ಯಾಟಲೋನಿಯಾದ್ದಲ್ಲ. ಇಂಗ್ಲೆಂಡಿನದು. 1926ರಲ್ಲಿ ಹರ್ನ್ ಬೇ ಎಂಬ ಕಡಲೂರಿನಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಎರಡನೆಯ ಮಹಾಯುದ್ಧದವರೆಗೆ ಅದನ್ನು ಇಂಗ್ಲೆಂಡ್ ಬಿಟ್ಟು ಬೇರಾರೂ ಗೆಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ಪೋರ್ಚುಗಲ್ ಎದ್ದಿತು, ಅದರ ಬೆನ್ನಿಗೆ ಸ್ಪೇನ್. 1951ರ ವಿಶ್ವ ಚಾಂಪಿಯನ್‌ಷಿಪ್ ಬಾರ್ಸಿಲೋನಾದಲ್ಲೇ ನಡೆಯಿತು, ಸ್ಪೇನ್ ಮೊದಲ ಸಲ ಗೆದ್ದಿತು. ಆ ಕೂಟವನ್ನು ಊರಿಗೆ ತರಲು ದುಡಿದವರಲ್ಲಿ ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದ ಹುವಾನ್ ಆಂಟೋನಿಯೊ ಸಮರಾಂಚ್ ಕೂಡ ಒಬ್ಬರು. ನಲವತ್ತೊಂದು ವರ್ಷದ ನಂತರ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ರೋಲರ್ ಹಾಕಿ ಪ್ರದರ್ಶನ ಕ್ರೀಡೆಯಾಗಿ ಬಂತು, ಫೈನಲ್ ನಡೆದದ್ದು ಪಲಾವ್ ಬ್ಲಾವ್‌ಗ್ರಾನಾದಲ್ಲಿ. ತವರಿನ ಜನರ ಮುಂದೆ ಸ್ಪೇನ್ ಸೋತು ಅರ್ಜೆಂಟೀನಾ ಚಿನ್ನ ಗೆದ್ದಿತು. ಆಮೇಲೆ ಒಲಿಂಪಿಕ್ಸ್ ಬಾಗಿಲು ಈ ಆಟಕ್ಕೆ ತೆರೆದಿಲ್ಲ.

ವಿಚಿತ್ರವೆಂದರೆ ಆ ಒಲಿಂಪಿಕ್ಸ್ ಹೊತ್ತಿಗೆ ಬಾರ್ಸಾ ಹಾಕಿ ತಂಡ ಬರಗಾಲದ ನಡುವಿನಲ್ಲಿತ್ತು. 1986ರಿಂದ 1996ರವರೆಗೆ ಹನ್ನೊಂದು ಆವೃತ್ತಿಗಳಲ್ಲಿ ಒಂದು ಕಪ್ಪೂ ಇಲ್ಲ. ಪೋರ್ಟೊ ಎರಡು, ಸ್ಪೇನಿನ ಗಲೀಸಿಯಾದ ಲಿಸಿಯೊ ಮೂರು, ನೋಯಾ ಒಂದು, ಪೋರ್ಚುಗಲ್‌ನ ಬಾರ್ಸೆಲೋಸ್ ಒಂದು, ಉಳಿದ ನಾಲ್ಕೂ ಇಗುವಲಾದಾ. 1993ರಿಂದ 1999ರವರೆಗಿನ ಏಳು ಕಪ್‌ಗಳಲ್ಲಿ ಆರನ್ನು 40,000 ಜನರ ಆ ಊರು ಹೊತ್ತೊಯ್ದಿತು. ನಡುವೆ 1997ರದ್ದೊಂದನ್ನು ಮಾತ್ರ ಬಾರ್ಸಾ ಕಸಿದುಕೊಂಡಿತು. ಹತ್ತು ಕಪ್‌ಗಳ ಒಡೆಯನ ಬರಗಾಲವನ್ನು ಇನ್ನಷ್ಟು ಹಿಗ್ಗಿಸಿದ ಇಗುವಲಾದಾದ ಕಥೆಯನ್ನೇ ಪ್ರತ್ಯೇಕವಾಗಿ ಬರೆಯಬಹುದು.

ನಂತರದ್ದು ಎರಡನೆಯ ಮಹಾಪರ್ವ. 2000ದಿಂದ 2010ರವರೆಗಿನ ಹನ್ನೊಂದು ಕಪ್‌ಗಳಲ್ಲಿ ಬಾರ್ಸಾ ಎಂಟನ್ನು ಗೆದ್ದಿತು. 1978ರಿಂದ 1985ರವರೆಗಿನ ಎಂಟರಂತೆ ಸತತವಾಗಿ ಅಲ್ಲ, ನಡುವೆ ಲಿಸಿಯೊ, ಇಟಲಿಯ ಫೊಲೋನಿಕಾ, ರೆಯುಸ್ ತಲಾ ಒಂದೊಂದು ಕಿತ್ತುಕೊಂಡವು. ಈ ಪರ್ವದ ಉದ್ದಕ್ಕೂ ಕಾಣುವ ಹೆಸರು ಐಟರ್ ಎಗುರ್ರೋಲಾ. ಗೋಲ್‌ಕೀಪರ್. 0.2 ಸೆಕೆಂಡಿನ ಆ ಕುರ್ಚಿಯಲ್ಲಿ, ಮಂಡಿ ಮಡಚಿ, ಗಂಟೆಗೆ ನೂರು ಕಿಲೋಮೀಟರ್ ವೇಗದ ರಬ್ಬರಿಗೆ ಎದೆಯೊಡ್ಡಿ ಅವರು 20 ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಕ್ಲಬ್ಬಿನ ಜೊತೆ ಗೆದ್ದ ಪ್ರಶಸ್ತಿಗಳು 70ಕ್ಕೂ ಹೆಚ್ಚು. ಲಿಯೊನೆಲ್ ಮೆಸ್ಸಿ ಬಾರ್ಸಿಲೋನಾದಲ್ಲಿ ಗೆದ್ದದ್ದು ಸುಮಾರು 35. ಮೆಸ್ಸಿಯ ಇಮ್ಮಡಿ ಪ್ರಶಸ್ತಿ ಗೆದ್ದ ಮನುಷ್ಯನೊಬ್ಬ ಅದೇ ಕ್ಲಬ್ಬಿನಲ್ಲಿ, ಅದೇ ಕಾಲದಲ್ಲಿ, ಕೆಲವೇ ನೂರು ಹೆಜ್ಜೆ ಆಚೆ ಆಡುತ್ತಿದ್ದ. ಜಗತ್ತಿನ ಬಹುಪಾಲು ಜನರಿಗೆ ಆ ಹೆಸರು ಕೇಳಿಯೂ ಗೊತ್ತಿಲ್ಲ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ಕಣ್ಣಿಗೆ ಕಾಣದಷ್ಟು ಬೇಗ ಬರುವ ಚೆಂಡನ್ನು ಎರಡು ದಶಕ ತಡೆದವನ ಕೌಶಲ ಯಾವ ಮಾಪನದಲ್ಲೂ ಸಣ್ಣದಲ್ಲ.

2015ರಲ್ಲಿ ಒಂದು ಅಪರೂಪದ ವಸಂತ ಬಂತು. ಮೇ ತಿಂಗಳ ಆರಂಭದಲ್ಲಿ ಹಾಕಿ ತಂಡ ಯುರೋಪನ್ನು ಗೆದ್ದಿತು, ತಿಂಗಳ ಕೊನೆಗೆ ಹ್ಯಾಂಡ್‌ಬಾಲ್ ತಂಡ, ಜೂನ್ 6ರಂದು ಬರ್ಲಿನ್‌ನಲ್ಲಿ ಫುಟ್‌ಬಾಲ್ ತಂಡ. ಒಂದೇ ಕ್ಲಬ್ಬಿಗೆ ಒಂದೇ ಋತುವಿನಲ್ಲಿ ಮೂರು ಆಟಗಳ ಯುರೋಪ್ ಕಿರೀಟ. ಹಾಕಿಯವರಿಗೆ ಅದು ಇಪ್ಪತ್ತೊಂದನೆಯದು. 2018ರದ್ದು ಇಪ್ಪತ್ತೆರಡನೆಯದು. ಅಷ್ಟರಲ್ಲಿ ಪಾಬ್ಲೊ ಆಲ್ವಾರೆಸ್, ಲೂಕಾಸ್ ಒರ್ದೋನ್ಯೆಸ್‌ರಂಥ ಅರ್ಜೆಂಟೀನಾದ ಆಟಗಾರರೂ ಬಾರ್ಸಾ ಅಂಗಿ ತೊಟ್ಟಿದ್ದರು. ಆ ದೇಶದಲ್ಲಿ ಈ ಆಟದ ತವರು ಆಂಡಿಸ್ ಪರ್ವತದ ಬುಡದ ಸಾನ್ ಹುವಾನ್, ಬಾರ್ಸಿಲೋನಾದಿಂದ 10,000 ಕಿಲೋಮೀಟರಿಗೂ ಹೆಚ್ಚು ದೂರ. ವೊಲ್ತ್ರೆಗಾದಂಥ ಊರು ಭೂಮಿಯ ಆ ತುದಿಯಲ್ಲೂ ಇದೆ ಎನ್ನಬೇಕು.

ಆಮೇಲೆ ಗಾಳಿ ಪೋರ್ಚುಗಲ್ ಕಡೆ ತಿರುಗಿತು. 2019, 2021, 2024ರ ಕಪ್ ಸ್ಪೋರ್ಟಿಂಗ್‌ಗೆ, 2023ರದ್ದು ಪೋರ್ಟೊಗೆ. 2022ರದ್ದನ್ನು ಇಟಲಿಯ ಟ್ರಿಸಿನೊ ಎಂಬ ಇನ್ನೊಂದು ಚಿಕ್ಕ ಊರು ಗೆದ್ದಿತು. ಬಾರ್ಸಾ ತವರಿನ ಲೀಗ್‌ನಲ್ಲಿ ಗೆಲ್ಲುವುದನ್ನು ಬಿಟ್ಟಿಲ್ಲ, ಅಲ್ಲಿ ಅದರ ಪ್ರಶಸ್ತಿಗಳು 30 ದಾಟಿವೆ. 2018ರ ನಂತರ 2024ರವರೆಗೆ ಐದು ಆವೃತ್ತಿ ಕೈತಪ್ಪಿದವು. ಹಿಂದಿನ ಬರಗಾಲ ಹನ್ನೊಂದು ಆವೃತ್ತಿಯದು. ಅದು ಮುಗಿದ ಮೇಲೆ ಇಪ್ಪತ್ತೆರಡು ವರ್ಷದೊಳಗೆ ಹನ್ನೆರಡು ಕಪ್ ಬಂದವು ಎಂಬುದು ಸ್ಪೋರ್ಟಿಂಗ್, ಪೋರ್ಟೊದವರಿಗೂ ಚೆನ್ನಾಗಿ ನೆನಪಿರುವ ಲೆಕ್ಕ.